‘ನಮ್ಮದು’ ಎಂಬ ಮಾತಿನ ಬೆಲೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮಹೋತ್ಸವವೆಂದರೆ ಹಿಂದಿನವರು ಗಳಿಸಿಟ್ಟುದನ್ನು ನೆನೆಯುವ ಕಾಲ. ಅದರೊಡನೆ, ಮುಂದಿನವರಿಗೆ ನಾವು ಏನನ್ನು ಉಳಿಸಿ ಹೋಗುವೆವೆಂದು ಲೆಕ್ಕ ನೋಡಿಕೊಳ್ಳುವ ಕಾಲವೂ ಅಹುದು. ಆದುದರಿಂದ ನಮ್ಮ ಮಲೆನಾಡಿನ ಜನಜೀವನಕ್ಕೆ ಹತ್ತಿರವಾದ ಒಂದು ವಿಷಯವನ್ನೇ ಇಂದು ಆರಿಸಿಕೊಂಡಿದ್ದೇನೆ.

ಈ ಮಠದ ಅಂಗಳವು ಯಾರ ಸ್ವತ್ತು? ಇಲ್ಲಿ ಕುಳಿತಿರುವ ನಮ್ಮಲ್ಲಿ ಒಬ್ಬರ ಹೆಸರಿನಲ್ಲಿಯೂ ಇದರ ಪಹಣಿಯಿಲ್ಲ. ಆದರೂ ಇಲ್ಲಿಗೆ ಬಂದ ಪ್ರತಿಯೊಬ್ಬರೂ ‘ನಮ್ಮ ಮಠ’ ಎನ್ನುವರು. ಎಲೆ ಬಿದ್ದರೆ ಹೇಳಿಸಿಕೊಳ್ಳದೆಯೇ ಎತ್ತುವರು. ಹೆಂಚು ಸರಿದಿದ್ದರೆ ಮಳೆಗಾಲಕ್ಕೆ ಮೊದಲೇ ಬಂದು ಹೊದಿಸುವರು. ಅದೇ ಜನರು ಊರಿಗೆ ಹಿಂದಿರುಗುವಾಗ ದಾರಿಯ ಕೆರೆಯ ಏರಿ ಕುಸಿದಿರುವುದನ್ನು ಕಂಡರೆ, ‘ಅದು ಸರ್ಕಾರದ ಕೆರೆ, ಸರ್ಕಾರದವರು ನೋಡಿಕೊಳ್ಳಲಿ’ ಎಂದು ಮುಂದೆ ನಡೆಯುವರು. ಮಠವೂ ಹತ್ತು ಜನರದು, ಕೆರೆಯೂ ಹತ್ತು ಜನರದು. ಒಂದರ ವಿಷಯದಲ್ಲಿ ಕೈ ತಾನಾಗಿ ಮುಂದೆ ಬರುವುದು, ಇನ್ನೊಂದರ ವಿಷಯದಲ್ಲಿ ಬಾರದಿರುವುದು ಏಕೆ? ಜನರು ಕೆಟ್ಟುಹೋದರೆಂದು ಹೇಳಿಬಿಟ್ಟರೆ ಉತ್ತರವಾಗದು; ಏಕೆಂದರೆ ಎರಡು ಕಡೆಯಲ್ಲಿಯೂ ಇರುವವರು ಅದೇ ಜನರು. ವ್ಯತ್ಯಾಸವಿರುವುದು ‘ನಮ್ಮದು’ ಎಂಬ ಒಂದು ಮಾತಿನಲ್ಲಿ. ಆ ಮಾತಿನ ಬೆಲೆಯೆಷ್ಟು, ಅದು ಎಲ್ಲಿಂದ ಹುಟ್ಟುವುದು, ಎಲ್ಲಿ ಸಾಯುವುದು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಮನುಷ್ಯನ ಸ್ವಭಾವವನ್ನು ನೋಡೋಣ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಈ ಗಾದೆಯ ತಥ್ಯವನ್ನು ಪಾಶ್ಚಾತ್ಯ ವಿದ್ವಾಂಸರು ಪರೀಕ್ಷೆಯಿಂದ ಸಿದ್ಧಪಡಿಸಿದ್ದಾರೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು ೧೯೯೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳ ಗುಂಪೊಂದರಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿಯ ಬಟ್ಟಲನ್ನು ಕೊಟ್ಟು, ಇದು ನಿಮ್ಮದೇ ಎಂದರು. ಉಳಿದವರಿಗೆ ಬಟ್ಟಲನ್ನು ತೋರಿಸಿದರಷ್ಟೆ. ಬಳಿಕ ಬಟ್ಟಲು ಪಡೆದವರನ್ನು ಎಷ್ಟಕ್ಕೆ ಮಾರುವಿರೆಂದೂ, ಪಡೆಯದವರನ್ನು ಎಷ್ಟಕ್ಕೆ ಕೊಳ್ಳುವಿರೆಂದೂ ಕೇಳಿದರು. ಮಾರುವವರು ಹೇಳಿದ ಬೆಲೆಯು ಕೊಳ್ಳುವವರು ಹೇಳಿದ ಬೆಲೆಯ ಸುಮಾರು ಎರಡರಷ್ಟಿತ್ತು. ಬಟ್ಟಲು ಒಂದೇ, ಅಂಗಡಿ ಒಂದೇ, ಕೈಗೆ ಬಂದು ಕೆಲವು ನಿಮಿಷಗಳೂ ಆಗಿರಲಿಲ್ಲ. ಆದರೂ ‘ನನ್ನದು’ ಎಂಬ ಭಾವನೆಯು ಅಷ್ಟರಲ್ಲಿಯೇ ಬೆಲೆಯನ್ನು ಇಮ್ಮಡಿಸಿತ್ತು.

ಬಟ್ಟಲಿನ ಮಾತು ಹಾಗಿರಲಿ. ಎಲ್ಲರಿಗೂ ಸೇರಿದ ವಸ್ತುವಿನ ವಿಷಯದಲ್ಲಿ ಏನಾಗುವುದು? ಅದಕ್ಕೂ ಒಂದು ನಿದರ್ಶನವುಂಟು. ಅಮೆರಿಕ ದೇಶದ ಜಡ್ ಹ್ಯಾಮಕ್ ಮತ್ತು ಗಾರ್ಡನರ್ ಬ್ರೌನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾತುಕೋಳಿಯ ಬೇಟೆಗಾರರಿಗೆ ಎರಡು ಪ್ರಶ್ನೆಗಳನ್ನು ಹಾಕಿದ ವೃತ್ತಾಂತವಿದೆ. ಆ ಹಕ್ಕಿಗಳು ನೆಲೆಸುವ ಜವುಗು ಪ್ರದೇಶವನ್ನು ಉಳಿಸಿಕೊಳ್ಳಲು ನೀವು ಎಷ್ಟು ಕೊಡುವಿರಿ ಎಂದು ಕೇಳಿದಾಗ ಬಂದ ಸರಾಸರಿ ಉತ್ತರ ೨೪೭ ಡಾಲರು. ಅದು ಹಾಳಾಗುವುದಕ್ಕೆ ಒಪ್ಪಬೇಕಾದರೆ ನಿಮಗೆ ಎಷ್ಟು ಕೊಡಬೇಕು ಎಂದು ಕೇಳಿದಾಗ ಬಂದ ಉತ್ತರ ೧,೦೪೪ ಡಾಲರು. ಒಂದೇ ಜವುಗು, ಆದರೂ ಬೆಲೆಯಲ್ಲಿ ನಾಲ್ಕು ಪಟ್ಟಿಗೂ ಮಿಕ್ಕಿದ ಅಂತರ! ಮೊದಲನೆಯ ಪ್ರಶ್ನೆಯು ಅವರನ್ನು ಕೊಳ್ಳಲು ಬಂದ ಪರಸ್ಥಳದವರಂತೆ ನಿಲ್ಲಿಸಿತು. ಎರಡನೆಯದು ಅವರನ್ನು ಒಡೆಯರೆಂದು ಎಣಿಸಿತು. ಊರಿನ ಕೆರೆಯ ಬಗ್ಗೆಯಾಗಲಿ ಕಾನಿನ ಬಗ್ಗೆಯಾಗಲಿ ನಮ್ಮ ಜನರನ್ನು ಯಾವಾಗಲೂ ಮೊದಲನೆಯ ಪ್ರಶ್ನೆಯನ್ನೇ ಕೇಳಿ, ಅವರು ಸಣ್ಣ ಬೆಲೆ ಹೇಳಿದರೆಂದು ನಿಂದಿಸುವುದು ನ್ಯಾಯವೇ ಎಂದು ವಿಚಾರಿಸಬೇಕಾಗಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಗೆ ಬರೋಣ. ಒಡೆತನದ ಮಾತು ಇಲ್ಲಿ ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡು ಎಂಬ ಗ್ರಾಮದಲ್ಲಿ ೧೯೫೧ರಲ್ಲಿ ನಡೆದ ಸತ್ಯಾಗ್ರಹವನ್ನು ನಾಡೆಲ್ಲವೂ ಬಲ್ಲದು. ಗೇಣಿಯನ್ನು ಅಳೆಯುವ ಕೊಳಗದ ವಿಷಯದಲ್ಲಿ ಹುಟ್ಟಿದ ಆ ವಿವಾದವು, ಉಳುವವನಿಗೆ ಭೂಮಿಯಲ್ಲಿ ಹಕ್ಕೇನು ಎಂಬ ಮೂಲಪ್ರಶ್ನೆಯವರೆಗೆ ಬೆಳೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ತೀರ್ಥಹಳ್ಳಿಯ ಕಡೆಯ ಶಾಂತವೇರಿ ಗೋಪಾಲಗೌಡರು ಮುಂದಾಳಾದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಫಲವು ಕಾನೂನಿನ ರೂಪವನ್ನು ಪೂರ್ಣವಾಗಿ ತಾಳಲು ೧೯೭೪ರ ಭೂಸುಧಾರಣಾ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಗೇಣಿದಾರನು ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತು ಒಡೆಯನಾದನು. ಮುಂದಿನ ವರ್ಷವೂ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದ ಗದ್ದೆಗೆ ಯಾರು ತಾನೇ ಗೊಬ್ಬರ ಹೊತ್ತಾರು? ತನ್ನದೆಂದು ಖಾತರಿಯಾದ ಗದ್ದೆಯ ಅಂಚಿಗೆ ಅವನೇ ತೆಂಗಿನ ಸಸಿಯನ್ನು ನೆಡುವನು. ಒಡೆತನದಿಂದ ಆದರ ಹುಟ್ಟುವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆದರೆ ಮಲೆನಾಡಿನ ಸಂಸಾರವು ಗದ್ದೆ ತೋಟಗಳಿಂದ ಮಾತ್ರ ನಡೆಯತಕ್ಕದ್ದಲ್ಲ. ಅಡಕೆಯ ತೋಟವು ಕಣಿವೆಯಲ್ಲಿರುವುದು; ಅದರ ಪ್ರಾಣವಿರುವುದು ಮೇಲಿನ ಬೆಟ್ಟದಲ್ಲಿ. ಮರದ ಬುಡಕ್ಕೆ ಹಾಕುವ ಹಸಿಸೊಪ್ಪು, ಕೊಟ್ಟಿಗೆಗೆ ಹಾಸುವ ಒಣಗಿದ ಎಲೆ, ಬಚ್ಚಲೊಲೆಯ ಸೌದೆ, ದನಗಳ ಮೇವು, ಬೇಸಗೆಯಲ್ಲಿ ತೋಟಕ್ಕೆ ಇಳಿದು ಬರುವ ಒರತೆಯ ನೀರು, ಇವೆಲ್ಲವೂ ಬೆಟ್ಟದ ಮತ್ತು ಕಾನಿನ ದಾನವೇ. ಗದ್ದೆಗೆ ಒಡೆಯನು ಯಾರೆಂದು ಕಾಗೋಡಿನವರು ಕೇಳಿದರು. ಬೆಟ್ಟಕ್ಕೆ ಒಡೆಯನು ಯಾರೆಂದು ಅದೇ ಬಲದಿಂದ ಕೇಳಿದವರು ಕಡಿಮೆ.

ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರವು ವಿಚಿತ್ರವಾಗಿದೆ. ೧೯೬೪ರ ಭೂಕಂದಾಯ ಕಾಯಿದೆಯ ೭೯ನೆಯ ಕಲಮಿನಲ್ಲಿ ಹಳೆಯ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟಗಳ ಉಲ್ಲೇಖವಿದೆ. ಅದರಂತೆ ಬಾಗಾಯ್ತುದಾರನು ತನ್ನ ವ್ಯವಸಾಯಕ್ಕೂ ಮನೆಬಳಕೆಗೂ ಬೇಕಾದ ಸೊಪ್ಪುಸೌದೆಗಳನ್ನು ಅಲ್ಲಿಂದ ಪಡೆಯುವ ಸವಲತ್ತನ್ನು ಅನುಭವಿಸಬಹುದು. ನೆಲ ಮಾತ್ರ ಸರ್ಕಾರದ್ದು. ತೆಗೆದುಕೊಳ್ಳುವ ಅಧಿಕಾರ ಒಬ್ಬನಿಗೆ, ಒಡೆತನ ಇನ್ನೊಬ್ಬನಿಗೆ. ಇದರ ಪರಿಣಾಮವನ್ನು ತಿಳಿಯಲು ಶಾಸ್ತ್ರವನ್ನು ನೋಡಬೇಕಾಗಿಲ್ಲ. ತೋಟದ ಅಗಳವನ್ನು ದಾಟಿ ಹತ್ತು ಹೆಜ್ಜೆ ಮೇಲಕ್ಕೆ ಹೋದರೆ ಸಾಕು. ಅಗಳದ ಒಳಗೆ ಪ್ರತಿಯೊಂದು ಮರಕ್ಕೂ ಲೆಕ್ಕವುಂಟು. ಒಂದು ಸಸಿ ಬಾಡಿದರೆ ಮನೆಯಲ್ಲಿ ಊಟ ರುಚಿಸದು. ಅಗಳದ ಹೊರಗೆ, ಅದೇ ಮನೆಯವರು ಸೊಪ್ಪು ಕೊಯ್ಯುವ ಎಷ್ಟೋ ಬೆಟ್ಟಗಳಲ್ಲಿ ಮರಗಳು ಬೋಳಾಗಿ ಕಂಬಗಳಂತೆ ನಿಂತಿರುವುವು. ಸತ್ತ ಮರದ ಜಾಗದಲ್ಲಿ ಹೊಸದನ್ನು ನೆಟ್ಟವರು ವಿರಳ. ಬೆಟ್ಟವನ್ನು ಬೇಲಿ ಹಾಕಿ, ಸರದಿಯಂತೆ ಸೊಪ್ಪು ಕೊಯ್ದು ಕಾಪಾಡಿಕೊಂಡು ಬಂದಿರುವ ಮನೆತನಗಳೂ ಉಂಟು, ಅವರಿಗೆ ನಮಸ್ಕಾರ. ಆದರೆ ಅಂಥವರ ಸಂಖ್ಯೆ ಸಣ್ಣದು.

ಕಾನಿನ ಕಥೆ ಇನ್ನೂ ಹಳೆಯದು. ಕಾನೆಂದರೆ ನಿತ್ಯಹಸುರಿನ ದಟ್ಟ ಮರಗಳ ತೋಪು. ಅದರಲ್ಲಿ ಮೆಣಸಿನ ಬಳ್ಳಿ, ವಾಟೆ, ಬಗನಿ, ಹಲಸು. ಅದರ ತಗ್ಗಿನಲ್ಲಿ ಬತ್ತದ ಒರತೆ. ಎಷ್ಟೋ ಕಡೆ ಅದರ ನಡುವೆ ಚೌಡಿಯದೋ ಭೂತರಾಯನದೋ ಒಂದು ಕಲ್ಲು. ಕೆಳದಿಯ ಅರಸರು ತಮ್ಮ ಸೀಮೆಯ ಭೂಮಿಗೆ ಕಂದಾಯದ ಕ್ರಮ ಕಟ್ಟಿದ್ದನ್ನು ‘ಶಿವಪ್ಪನಾಯಕನ ಶಿಸ್ತು’ ಎಂದು ಇಂದಿಗೂ ಕರೆಯುವರು. ಈ ಸೀಮೆಯ ಕಾಳುಮೆಣಸು ಸಮುದ್ರದಾಚೆಯ ವರ್ತಕರನ್ನು ಸೆಳೆಯುತ್ತಿದ್ದಿತು. ಕಾನು ಊರವರಿಗೆ ಫಲದ ಆಸ್ತಿಯಾಗಿದ್ದಿತು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ೧೮೬೮ರಲ್ಲಿ ಬರೆದ ವರದಿಯಂತೆ ನೆರೆಯ ಸೊರಬ ತಾಲ್ಲೂಕು ಒಂದರಲ್ಲಿಯೇ ೧೭೧ ಕಾನುಗಳಿದ್ದುವು. ಅವುಗಳ ಒಟ್ಟು ವಿಸ್ತೀರ್ಣ ೩೨,೫೯೪ ಎಕರೆ. ಕಾನುಗಳ ಮೇಲೆ ಊರಿನ ಹಿಡಿತ ಸಡಿಲಿ, ಅರಣ್ಯದ ಆಡಳಿತವು ಬಿಗಿಯಾದಂತೆಲ್ಲ, ‘ನಮ್ಮ ಕಾನು’ ಎಂಬುದು ‘ಇಲಾಖೆಯ ಕಾಡು’ ಆಯಿತು. ಹೆಸರು ಬದಲಾದಾಗ ಕಣ್ಣೂ ಬದಲಾಯಿತು. ಹಿಂದೆ ಕಳ್ಳನನ್ನು ಕಂಡರೆ ಕೂಗು ಹಾಕುತ್ತಿದ್ದವನು, ಈಗ ಕಾವಲುಗಾರನಿಲ್ಲದ ಸಮಯವನ್ನು ತಾನೇ ನೋಡತೊಡಗಿದನು.

ಈ ಮಾತು ಬರಿಯ ಊಹೆಯೆಂದು ಯಾರಾದರೂ ಹೇಳುವುದಾದರೆ, ಘಟ್ಟದ ಕೆಳಗಿನ ಕುಮಟಾ ತಾಲ್ಲೂಕಿಗೆ ಅವರನ್ನು ಕರೆದುಕೊಂಡು ಹೋಗಬೇಕು. ಆ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಕಾಲಿನ್ಸ್ ಎಂಬ ಅಧಿಕಾರಿಯ ೧೯೨೧ರ ವರದಿಯ ತರುವಾಯ, ಕೆಲವು ಗ್ರಾಮಗಳ ಕಾಡನ್ನು ಗ್ರಾಮಸ್ಥರ ಪಂಚಾಯಿತಿಗೇ ವಹಿಸಿಕೊಡಲಾಯಿತು. ಚಿತ್ರಗಿ, ಹಳಕಾರ, ಕಲ್ಲಬ್ಬೆ ಎಂಬ ಮೂರು ಊರುಗಳು ಹೀಗೆ ಗ್ರಾಮಾರಣ್ಯಗಳನ್ನು ಪಡೆದುವು. ಊರವರು ಸೌದೆಗೆ ಕ್ರಮವನ್ನು ಕಟ್ಟಿದರು, ಕಾವಲನ್ನು ಇಟ್ಟರು, ತಪ್ಪಿದವನಿಗೆ ದಂಡ ಹಾಕಿದರು. ಕಾಡು ದಶಕಗಳ ಕಾಲ ಚೆನ್ನಾಗಿ ಉಳಿಯಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ಜಿಲ್ಲೆಯು ನಮ್ಮ ರಾಜ್ಯಕ್ಕೆ ಬಂದ ಮೇಲಿನ ಕಾಲದಲ್ಲಿ, ಈ ಪಂಚಾಯಿತಿಗಳನ್ನು ವಿಸರ್ಜಿಸಬೇಕೆಂದು ಸರ್ಕಾರದ ಆಜ್ಞೆಯಾಯಿತು. ಹಳಕಾರ, ಕಲ್ಲಬ್ಬೆಗಳವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಅವರ ಕಾಡು ಉಳಿಯಿತು. ಚಿತ್ರಗಿಯವರು ಹೋಗಲಿಲ್ಲ. ಅವರ ಕಾಡು ಸ್ವಲ್ಪ ಕಾಲದಲ್ಲಿಯೇ ಕಡಿದುಹೋಯಿತು, ಕಡಿದವರಾದರೂ ಜನರೇ. ಈ ವೃತ್ತಾಂತವನ್ನು ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ತಮ್ಮ ಬರೆಹಗಳಲ್ಲಿ ಹೇಳಿದ್ದಾರೆ.

ಮಹಾಶಯರೇ, ಚಿತ್ರಗಿಯ ಸಂಗತಿಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಜನರ ದುರಾಶೆಯೇ ಕಾರಣವಾಗಿದ್ದರೆ ಅಷ್ಟು ದಶಕಗಳ ಕಾಲ ಆ ಆಶೆ ಎಲ್ಲಿ ಅಡಗಿದ್ದಿತು? ಬಡತನವೇ ಕಾರಣವಾಗಿದ್ದರೆ ಹಳಕಾರದವರೇನು ಧನಿಕರಾಗಿದ್ದರೆ? ನಾಳೆಯಿಂದ ಇದು ನಮ್ಮದಲ್ಲವೆಂದು ತಿಳಿದ ದಿನ, ನಾಳೆಗಾಗಿ ಇಂದು ಕೈ ತಡೆದು ನಿಲ್ಲುವುದಕ್ಕೆ ಕಾರಣವೇ ಉಳಿಯಲಿಲ್ಲ. ನಾನು ಬಿಟ್ಟರೆ ಇನ್ನೊಬ್ಬನು ಒಯ್ಯುವನು ಎಂಬ ಲೆಕ್ಕ ಮಾತ್ರ ಉಳಿಯಿತು. ಮರಗಳನ್ನು ಕಡಿದುದು ಕೊಡಲಿಯಾದರೂ, ಅದಕ್ಕೆ ಮುಂಚೆ ಕಡಿದುಹೋದುದು ‘ನಮ್ಮದು’ ಎಂಬ ಮಾತು.

ಇಷ್ಟನ್ನು ಕೇಳಿದ ಮೇಲೆ ಸಭೆಯಲ್ಲಿ ಕೆಲವರು, ‘ಹಾಗಾದರೆ ಕೆಲಸ ಸುಲಭವಾಯಿತು, ಬೆಟ್ಟವನ್ನೂ ಕಾನನ್ನೂ ಹಂಚಿ, ಒಬ್ಬೊಬ್ಬರ ಹೆಸರಿಗೆ ಹಕ್ಕುಪತ್ರ ಕೊಟ್ಟುಬಿಡಲಿ’ ಎನ್ನಬಹುದು. ಸೊಪ್ಪಿನಬೆಟ್ಟವನ್ನು ಬಾಗಾಯ್ತುದಾರರ ಹೆಸರಿಗೇ ಪೂರ್ಣವಾಗಿ ಬರೆದುಕೊಡಬೇಕೆಂಬ ಬೇಡಿಕೆ ಬಹುಕಾಲದಿಂದ ಇದೆ. ಇದಕ್ಕೆ ನಾನು ಗೌರವದಿಂದಲೇ ಎರಡು ಆಕ್ಷೇಪಗಳನ್ನು ಹೇಳುವೆನು.

ಒಂದನೆಯದು ನೀರಿನದು. ಒಬ್ಬ ಒಡೆಯನಿಗೆ ಒಂದು ಕಾನು ಸಿಕ್ಕಿತೆಂದು ಭಾವಿಸೋಣ. ಅವನು ಅದರಲ್ಲಿ ಏನನ್ನು ಎಣಿಸುವನು? ಮೆಣಸನ್ನು ಎಣಿಸುವನು, ನಾಟಾಮರವನ್ನು ಎಣಿಸುವನು, ತೋಟ ವಿಸ್ತರಿಸಲು ಒದಗುವ ಗುಂಟೆಗಳನ್ನು ಎಣಿಸುವನು. ಆದರೆ ಅದೇ ಕಾನಿನ ಅಡಿಯಿಂದ ಹುಟ್ಟಿ, ಕೆಳಗಿನ ನಾಲ್ಕು ಮನೆಗಳ ತೋಟಗಳನ್ನು ಚೈತ್ರ ವೈಶಾಖಗಳಲ್ಲಿ ಬದುಕಿಸುವ ಒರತೆಯು ಅವನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಏಕೆಂದರೆ ಅದರ ಫಲ ಅವನ ಅಗಳದ ಹೊರಗೆ ಹರಿಯುವುದು. ಅವನು ದುಷ್ಟನಾಗಬೇಕಾಗಿಲ್ಲ. ಮಗಳ ಮದುವೆಗೆಂದು ಮರಗಳನ್ನು ಮಾರುವ ಸಜ್ಜನನೇ ಆಗಿದ್ದರೂ ಒರತೆ ಬತ್ತುವುದು ತಪ್ಪದು. ಒಬ್ಬನ ಒಡೆತನವು ಒಬ್ಬನ ಲಾಭವನ್ನು ಮಾತ್ರ ಬೆಳೆಸಬಲ್ಲುದು.

ಎರಡನೆಯದು ತೋಟವಿಲ್ಲದವರದು. ಬೆಟ್ಟದಿಂದ ಒಣಕಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದು ಒಲೆ ಉರಿಸುವ ತಾಯಂದಿರು, ಎರಡು ಹಸುಗಳನ್ನು ಅಲ್ಲಿಗೆ ಹೊಡೆಯುವ ಕೂಲಿಕಾರರು, ಜೇನು, ಉಪ್ಪಾಗೆ, ಮುರುಗಲುಗಳನ್ನು ಆಯ್ದು ನಾಲ್ಕು ಕಾಸು ನೋಡುವವರು, ಇವರ ಹೆಸರು ಯಾವ ಬಾಗಾಯ್ತಿನ ಖಾತೆಯಲ್ಲಿಯೂ ಇಲ್ಲ. ಬೆಟ್ಟವು ತೋಟದವರ ಸ್ವಂತವಾದ ದಿನ ಇವರು ತಮ್ಮ ಊರಿನಲ್ಲಿಯೇ ಪರಕೀಯರಾಗುವರು. ಕೊಳಗದ ಅನ್ಯಾಯವನ್ನು ಎದುರಿಸಿದ ಸೀಮೆಯಲ್ಲಿ ಇನ್ನೊಂದು ಬಗೆಯ ಕೊಳಗವನ್ನು ನಾವೇ ಮಾಡಿಡುವುದು ಯುಕ್ತವಲ್ಲ.

ಹಾಗಾದರೆ ಸರ್ಕಾರದ್ದೂ ಬೇಡ, ಒಬ್ಬನದೂ ಬೇಡವೆಂದಾಯಿತು. ಮೂರನೆಯ ದಾರಿಯುಂಟೆ? ಉಂಟು, ಅದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ನಮ್ಮ ಊರುಗಳ ಚೌಡಿಬನ, ನಾಗಬನ, ದೇವರಕಾಡುಗಳನ್ನು ನೋಡಿರಿ. ಸುತ್ತಲಿನ ಗುಡ್ಡ ಬೋಳಾಗಿದ್ದರೂ ಅಲ್ಲಿನ ಮರಗಳು ಮುಗಿಲನ್ನು ಮುಟ್ಟಿ ನಿಂತಿರುವುದುಂಟು. ಅದಕ್ಕೆ ಒಡೆಯನಿಲ್ಲವೆಂದು ಹೇಳಲಾಗದು. ಒಡೆಯನು ದೇವರು, ಕಾಯುವವರು ಊರವರು. ಯಾರೂ ಮಾರುವಂತಿಲ್ಲ, ಎಲ್ಲರೂ ಕಾಯಬೇಕು. ಭಯಭಕ್ತಿಗಳಿಂದ ನಡೆದ ಈ ಕಾರ್ಯದಲ್ಲಿ ಒಂದು ದೊಡ್ಡ ನ್ಯಾಯ ಅಡಗಿದೆ. ದಾಸೋಹವೆಂಬ ನಮ್ಮ ಮಾತಿನಲ್ಲಿಯೂ ಅದೇ ನ್ಯಾಯವುಂಟು: ಕೈಯಲ್ಲಿರುವುದಕ್ಕೆ ನಾನು ಒಡೆಯನಲ್ಲ, ಹಂಚುವವನು ಮತ್ತು ಕಾಯುವವನು ಎಂಬುದು. ಮಾರುವ ಹಕ್ಕಿಲ್ಲದಿದ್ದರೂ ‘ನಮ್ಮದು’ ಎಂಬ ಅಭಿಮಾನ ಬೆಳೆಯಬಲ್ಲುದು; ಕಾಯುವ ಹಕ್ಕಿಲ್ಲದಿದ್ದರೆ ಅದು ಎಂದಿಗೂ ಬೆಳೆಯದು.

ಇದೇ ತತ್ತ್ವವನ್ನು ಲೋಕದ ನಾನಾ ದೇಶಗಳಲ್ಲಿ ಹುಡುಕಿ ತೋರಿಸಿದವರು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ. ಸಾಮುದಾಯಿಕ ಸಂಪತ್ತಿನ ಬಗ್ಗೆ ಅವರು ಬರೆದ ಗ್ರಂಥ ೧೯೯೦ರಲ್ಲಿ ಪ್ರಕಟವಾಯಿತು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಎಲ್ಲರಿಗೂ ಸೇರಿದುದು ಹಾಳಾಗಿಯೇ ತೀರುವುದೆಂದು ೧೯೬೮ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದಿದ್ದರು. ಆಸ್ಟ್ರಮ್ ಅವರು ಅದಕ್ಕೆ ಉತ್ತರವಾಗಿ ಶತಮಾನಗಳಿಂದ ಉಳಿದುಬಂದ ಊರೊಟ್ಟಿನ ಹುಲ್ಲುಗಾವಲುಗಳನ್ನೂ ಕಾಲುವೆಗಳನ್ನೂ ಎತ್ತಿ ತೋರಿಸಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸ್ವಂತ ಮೇವಿನಿಂದ ಸಾಕಬಲ್ಲನೋ ಅಷ್ಟನ್ನೇ ಬೇಸಗೆಯಲ್ಲಿ ಊರಿನ ಗುಡ್ಡಕ್ಕೆ ಹೊಡೆಯಬೇಕೆಂಬ ಕಟ್ಟಳೆ ಐದು ಶತಮಾನಗಳಷ್ಟು ಹಳೆಯದು. ತೋಟಕ್ಕೆ ಬೇಕಾದಷ್ಟು ಸೊಪ್ಪು, ಮಾರಾಟಕ್ಕೆ ಇಲ್ಲ ಎಂಬ ನಮ್ಮ ಬೆಟ್ಟದ ಕಟ್ಟಳೆಗೆ ಇದು ಒಡಹುಟ್ಟಿದ್ದಂತಿದೆ! ವ್ಯತ್ಯಾಸವೆಂದರೆ, ಅಲ್ಲಿಯ ಕಟ್ಟಳೆಯನ್ನು ಮಾಡಿದವರೂ ಕಾಯುವವರೂ ಊರವರೇ. ನಮ್ಮ ಬೆಟ್ಟದ ಕಟ್ಟಳೆ ಇರುವುದು ಕಚೇರಿಯ ಪುಸ್ತಕದಲ್ಲಿ.

ಒಡೆತನವಿಲ್ಲದ ವಸ್ತುವಿಗೆ ಲೋಕವು ಬೆಲೆ ಕಟ್ಟುವುದೇ ಇಲ್ಲವೆಂಬುದಕ್ಕೆ ಶರಾವತಿಯ ಕಣಿವೆಯು ಮರೆಯಲಾರದ ಪಾಠ. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ನಿಂತಿತು, ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳು ನೀರಿನ ಕೆಳಗೆ ಹೋದುವು, ನಾಡಿಗೆಲ್ಲ ಬೆಳಕಾಯಿತು. ಬೆಳಕು ಬೇಡವಿತ್ತೆಂದು ನಾನು ಹೇಳುವುದಿಲ್ಲ. ಖಾತೆಯಲ್ಲಿದ್ದ ಗದ್ದೆಗೆ, ತೋಟಕ್ಕೆ, ಮನೆಗೆ ಹೆಚ್ಚೋ ಕಡಮೆಯೋ ಒಂದು ಬೆಲೆ ಕಟ್ಟಬಹುದು. ಆದರೆ ಊರೊಟ್ಟಿನ ಕಾನಿಗೆ, ದನದ ದಾರಿಗೆ, ನೆಂಟರ ಊರಿಗೆ ನಡೆದುಹೋಗುವ ಹಾದಿಗೆ ಬೆಲೆ ಕಟ್ಟುವ ಪುಸ್ತಕ ಎಲ್ಲಿದೆ? ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ಲಾಂಚನ್ನು ಕಾದು ಕುಳಿತು ಆರು ದಶಕಗಳನ್ನು ಕಳೆದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆದುದು ೨೦೨೫ರ ಜುಲೈಯಲ್ಲಿ. ಆ ಹಾದಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲವಾದುದರಿಂದ ಅದರ ನಷ್ಟ ಯಾರ ಖಾತೆಯಲ್ಲಿಯೂ ಬರೆಯಲ್ಪಡಲಿಲ್ಲ. ಕಳೆದುಕೊಂಡವರಿಗೆ ಮಾತ್ರ ಅದರ ಬೆಲೆ ಗೊತ್ತು. ಸಾರ್ವಜನಿಕ ವಸ್ತುವಿನ ಬೆಲೆಯನ್ನು ಅದು ಮುಳುಗಿದ ಮೇಲೆ ತಿಳಿಯುವುದು ಬಹು ದುಬಾರಿಯಾದ ವಿದ್ಯೆ.

ಹೀಗೆ ವಿಚಾರ ಮಾಡಿದರೆ ನಾವು ಮುಟ್ಟುವ ನಿರ್ಣಯ ಇದು: ಒಂದು ವಸ್ತುವಿನ ಫಲ ಎಷ್ಟು ದೂರ ಹರಿಯುವುದೋ, ಅದರ ಒಡೆತನವೂ ಹೊಣೆಯೂ ಅಷ್ಟು ದೂರ ಹರಿಯಬೇಕು. ತೋಟದ ಫಲ ಒಂದು ಮನೆಗೆ. ಅದಕ್ಕೆ ಒಂದು ಮನೆಯ ಒಡೆತನ ಸಾಕು. ಕಾನಿನ ಫಲ ಊರಿಗೆ. ಅದಕ್ಕೆ ಊರೇ ಒಡೆಯನಾಗಬೇಕು. ಹೊಳೆಯ ಫಲ ನಾಡಿಗೆ. ಅಲ್ಲಿ ಸರ್ಕಾರ ಬೇಕು. ಒಡೆತನವು ಫಲಕ್ಕಿಂತ ಕಿರಿದಾದರೆ ನೆರೆಯವನಿಗೆ ಅನ್ಯಾಯ. ಫಲಕ್ಕಿಂತ ಬಹು ದೊಡ್ಡದಾದರೆ ಕಾಯುವವನೇ ಇಲ್ಲ.

ಇದಕ್ಕೆ ಕಾನೂನಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೧ರಷ್ಟು ಹಿಂದೆಯೇ ಕೆರೆ ಪಂಚಾಯಿತಿಗಳ ಶಾಸನವಾಗಿತ್ತು. ೨೦೦೨ರಲ್ಲಿ ಕೆರೆ ಬಳಕೆದಾರರ ಸಂಘಗಳ ಮೂಲಕ ಕೆರೆಗಳನ್ನು ಸುಧಾರಿಸುವ ಯೋಜನೆ ರಾಜ್ಯದಲ್ಲಿ ಮೊದಲಾಯಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆಯು, ರೂಢಿಯಿಂದ ಕಾಯ್ದುಕೊಂಡು ಬಂದ ಕಾಡನ್ನು ಕಾಪಾಡುವ ಮತ್ತು ನಿರ್ವಹಿಸುವ ಹಕ್ಕನ್ನು ಸಮುದಾಯಕ್ಕೆ ಕೊಡಬಹುದೆಂದು ಹೇಳುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ೨೫ ಗ್ರಾಮಸಭೆಗಳು ೨೦೧೧ರಲ್ಲಿ ಇಂತಹ ಸಾಮುದಾಯಿಕ ಹಕ್ಕನ್ನು ಪಡೆದುವು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಎಂದರೆ ೭೫ ವರ್ಷಗಳ ವಾಸವನ್ನು ತೋರಿಸಬೇಕೆಂಬ ನಿಬಂಧನೆ ನಮ್ಮ ಸೀಮೆಯ ಅನೇಕರಿಗೆ ಕಷ್ಟವಾಗಿದೆಯೆಂಬುದು ನಿಜ. ಆದರೂ ಇಲ್ಲಿ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಒಂದೊಂದು ಮನೆಯ ಎಕರೆ ಗುಂಟೆಗಳವೇ ಆಗಿ, ‘ಊರಿನ ಕಾನನ್ನು ಊರಿಗೆ ವಹಿಸಿರಿ’ ಎಂಬ ಕೂಗು ಮೆಲ್ಲಗಾಗಿರುವುದು ನಮ್ಮ ಮನಸ್ಸಿನ ಸ್ಥಿತಿಯನ್ನೇ ತೋರಿಸುವುದು.

ಕಾನೂನನ್ನು ಕಾಯುತ್ತಲೇ ಇರಬೇಕಾಗಿಯೂ ಇಲ್ಲ. ಪ್ರತಿಯೊಂದು ಊರಿನವರೂ ಗ್ರಾಮಸಭೆಯಲ್ಲಿ ಕುಳಿತು ತಮ್ಮ ಕೆರೆ, ಕಾನು, ಬೆಟ್ಟ, ಒರತೆಗಳ ಒಂದು ಪಟ್ಟಿಯನ್ನು ಬರೆಯಲಿ. ಯಾವ ಒರತೆಯಿಂದ ಯಾವ ಯಾವ ಮನೆಗೆ ನೀರು ಹೋಗುವುದೆಂದು ಅದರಲ್ಲಿ ಕಾಣಿಸಲಿ. ಹೆಸರಿಲ್ಲದ ವಸ್ತು ಯಾರ ಕಣ್ಣಿಗೂ ಬೀಳದು. ಅನಂತರ ಎಲ್ಲೆಯನ್ನು ಗುರುತಿಸಲಿ. ಯಾರು ಎಷ್ಟು ತೆಗೆಯಬಹುದೆಂದು ತಾವೇ ಕಟ್ಟಳೆ ಮಾಡಲಿ, ಅದರಲ್ಲಿ ತೋಟವಿಲ್ಲದವರಿಗೂ ಒಂದು ಪಾಲು ಇರಲಿ. ಕಾವಲಿನ ಸರದಿ ಹಂಚಲಿ. ತಪ್ಪಿದವನಿಗೆ ಮೊದಲು ಮಾತು, ಆಮೇಲೆ ಸಣ್ಣ ದಂಡ, ಹಟ ಹಿಡಿದವನಿಗೆ ದೊಡ್ಡ ದಂಡವಿರಲಿ. ಸೊಪ್ಪು ಕೊಯ್ಯುವವನು ಕೊಯ್ದಷ್ಟು ಮರಕ್ಕೆ ತಕ್ಕಂತೆ ಸಸಿ ನೆಡಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಕೆರೆಯ ಹೂಳೆತ್ತುವ ದಿನ ಹಾರೆಗುದ್ದಲಿಗಳೊಡನೆ ಮನೆಗೊಬ್ಬರು ಬರಲಿ. ತನ್ನ ಬೆವರು ಬಿದ್ದ ಏರಿಯು ಕುಸಿಯುವುದನ್ನು ನೋಡಿಕೊಂಡು ಸುಮ್ಮನೆ ಹೋಗುವ ಮನುಷ್ಯನನ್ನು ನಾನು ಕಂಡಿಲ್ಲ. ಹಕ್ಕುಪತ್ರವು ಕೊಡಲಾರದ ಒಡೆತನವನ್ನು ದುಡಿಮೆ ಕೊಡಬಲ್ಲುದು.

ಅಧಿಕಾರದಲ್ಲಿರುವವರಿಗೂ ಒಂದು ವಿಜ್ಞಾಪನೆಯಿದೆ. ಜನರಿಗೆ ಜವಾಬ್ದಾರಿಯಿಲ್ಲವೆಂದು ಹೇಳುವ ಮುನ್ನ, ಜವಾಬ್ದಾರಿಯನ್ನು ಹೊರಲು ಅವರಿಗೆ ಅಧಿಕಾರ ಕೊಟ್ಟಿದ್ದೇವೆಯೇ ಎಂದು ವಿಚಾರಿಸಬೇಕು. ಕೆಲಸಕ್ಕೆ ಮಾತ್ರ ಕರೆದು, ನಿರ್ಣಯಕ್ಕೆ ಕರೆಯದಿದ್ದರೆ ಅದು ಒಡೆತನವಲ್ಲ, ಬಿಟ್ಟಿದುಡಿಮೆ. ಚಿತ್ರಗಿಯ ಕಾಡಿಗೆ ಬಂದ ಗತಿಯು ನಮ್ಮ ಕಾನುಗಳಿಗೆ ಬಾರದಿರಬೇಕಾದರೆ ಹಳಕಾರದವರ ಹಟ ಜನರಲ್ಲಿಯೂ, ಅದನ್ನು ಮನ್ನಿಸುವ ದೊಡ್ಡ ಮನಸ್ಸು ಆಳುವವರಲ್ಲಿಯೂ ಬೇಕು.

ಮಠಗಳು, ದೇವಸ್ಥಾನಗಳು, ಶಾಲೆಗಳು ಈ ಕಾರ್ಯದಲ್ಲಿ ಮೇಲ್ಪಂಕ್ತಿಯಾಗಬಲ್ಲುವು. ತಮ್ಮ ಸುತ್ತಣ ಒಂದು ಕೆರೆಯನ್ನೋ ಒಂದು ಕಾನನ್ನೋ ಆರಿಸಿಕೊಂಡು, ಅದರ ಫಲವನ್ನುಣ್ಣುವವರೆಲ್ಲರನ್ನೂ ಒಂದು ಕಡೆ ಕೂಡಿಸಿ, ಕಟ್ಟಳೆ ಕಟ್ಟಿಸಿ, ಕೆಲಸ ಮೊದಲು ಮಾಡಿಸಿದರೆ, ಈ ಮಹೋತ್ಸವದ ಸ್ಮಾರಕವು ಕಲ್ಲಿನಲ್ಲಿ ಅಲ್ಲದೆ ನೀರಿನಲ್ಲಿಯೂ ನೆರಳಿನಲ್ಲಿಯೂ ಉಳಿಯುವುದು. ಮುಂದಿನ ಬೇಸಗೆಯಲ್ಲಿ ಯಾವುದಾದರೂ ಊರಿನ ಹುಡುಗನೊಬ್ಬನು ತುಂಬಿದ ಕೆರೆಯನ್ನು ತೋರಿಸಿ, ಇದು ಯಾರದೆಂದು ಕೇಳಿದವರಿಗೆ ‘ನಮ್ಮದು’ ಎಂದು ತಡವರಿಸದೆ ಹೇಳುವಂತಾಗಲಿ ಎಂದು ಹಾರೈಸುವೆನು.